ಬಜ್ಪೆಯ ಗುಡ್ಡದ ಮೇಲೆ ಹೂಡಿಕೆ: ಟರ್ಮಿನಲ್ ಹಿಗ್ಗೀತು, ರನ್‌ವೇ ಹಿಗ್ಗೀತೇ?

ವಿಮಾನ ನಿಲ್ದಾಣದ ವಿಸ್ತರಣೆ ಎಂದೊಡನೆ ಜನರ ಕಣ್ಣ ಮುಂದೆ ನಿಲ್ಲುವುದು ಗಾಜಿನ ಗೋಡೆಯ ಹೊಸ ಟರ್ಮಿನಲ್, ಉದ್ದನೆಯ ಚೆಕ್‌-ಇನ್ ಸಾಲು, ಸಾಲುಸಾಲು ಮಳಿಗೆಗಳು. ಶಂಕುಸ್ಥಾಪನೆಯ ಫಲಕ ಬೀಳುವುದೂ, ಭಾವಚಿತ್ರ ಪ್ರಕಟವಾಗುವುದೂ ಅಲ್ಲಿಯೇ. ಆದರೆ ವಿಮಾನ ಇಳಿಯುವುದು ಟರ್ಮಿನಲ್ ಮೇಲಲ್ಲ. ಎಂತಹ ವಿಮಾನ ಬರಬಹುದು, ಎಷ್ಟು ಭಾರ ಹೊತ್ತು ಏರಬಹುದು, ಪೈಲಟ್ ಒಂದು ತಪ್ಪು ಮಾಡಿದರೆ ಆ ತಪ್ಪನ್ನು ನೆಲ ಎಷ್ಟರ ಮಟ್ಟಿಗೆ ಕ್ಷಮಿಸಬಲ್ಲದು ಎಂಬುದನ್ನೆಲ್ಲ ನಿರ್ಧರಿಸುವುದು ರನ್‌ವೇ ಮತ್ತು ಅದರ ಅಂಚಿನಾಚೆಗಿನ ಕೆಲವು ನೂರು ಮೀಟರ್ ಸಮತಟ್ಟು ಭೂಮಿ.

ಈ ಮಾತು ಎಲ್ಲ ವಿಮಾನ ನಿಲ್ದಾಣಗಳಿಗೂ ಅನ್ವಯಿಸುತ್ತದೆ. ಮಂಗಳೂರಿಗಂತೂ ಇತರ ಊರುಗಳಿಗಿಂತ ಹೆಚ್ಚು ಅನ್ವಯಿಸುತ್ತದೆ. ಬಜ್ಪೆ, ಕೆಂಜಾರು ಪರಿಸರದ ಗುಡ್ಡದ ನೆತ್ತಿಯ ಮೇಲಿರುವ ಈ ನಿಲ್ದಾಣದಲ್ಲಿ ಹೂಡಿಕೆ ಯಾವುದಕ್ಕೆ ಹೋಗುತ್ತದೆ, ಅದನ್ನು ಯಾರು ಭರಿಸುತ್ತಾರೆ, ಅತ್ಯಂತ ಅಗತ್ಯವಾದ ಕಾಮಗಾರಿಯೇ ಅತ್ಯಂತ ನಿಧಾನವಾಗಿ ಸಾಗುವುದೇಕೆ ಎಂಬ ಪ್ರಶ್ನೆಗಳು ಕರಾವಳಿಗೆ ಮಾತ್ರ ಸೀಮಿತವಲ್ಲ. ರಾಜ್ಯದ ಇತರ ನಗರಗಳಲ್ಲೂ ನಿಲ್ದಾಣಗಳು ವಿಸ್ತರಣೆಗೊಳ್ಳುತ್ತಿರುವಾಗ ಈ ಲೆಕ್ಕಾಚಾರ ಎಲ್ಲ ಪ್ರಯಾಣಿಕರಿಗೂ ತಿಳಿದಿರಬೇಕಾದದ್ದು.

ಗುಡ್ಡದ ನೆತ್ತಿಯ ನಿಲ್ದಾಣ

ಮಂಗಳೂರಿನ ವಿಮಾನ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಅಂದಿನ ಪ್ರಧಾನಿ ಜವಾಹರಲಾಲ್ ನೆಹರೂ ಡಿಸಿ-3 ವಿಮಾನದಲ್ಲಿ ಇಲ್ಲಿಗೆ ಬಂದಿಳಿದಿದ್ದರು. ಕರಾವಳಿಯಲ್ಲಿ ಸಮತಟ್ಟಾದ, ನೆರೆ ಬಾರದ, ಜನವಸತಿ ವಿರಳವಾದ ವಿಶಾಲ ಭೂಮಿ ಸಿಗುವುದು ಕಷ್ಟ. ತಗ್ಗಿನಲ್ಲಿ ಗದ್ದೆ, ತೋಟ, ಹೊಳೆ. ಎತ್ತರದಲ್ಲಿ ಮುರಕಲ್ಲಿನ ಬೋಳು ಗುಡ್ಡ. ಹೀಗಾಗಿ ಗುಡ್ಡದ ನೆತ್ತಿಯೇ ವಿಮಾನ ನಿಲ್ದಾಣಕ್ಕೆ ಆಯ್ಕೆಯಾಯಿತು. ಸಮುದ್ರಮಟ್ಟದಿಂದ ಸುಮಾರು ನೂರು ಮೀಟರ್ ಎತ್ತರದಲ್ಲಿರುವ ಈ ನೆತ್ತಿಯ ಸುತ್ತ ಕಣಿವೆಗಳಿವೆ. ಮೇಜಿನ ಮೇಲ್ಮೈಯಂತೆ ಚಪ್ಪಟೆಯಾಗಿದ್ದು, ಅಂಚಿನಲ್ಲಿ ಥಟ್ಟನೆ ಇಳಿಜಾರಾಗುವ ಇಂತಹ ರನ್‌ವೇಗಳನ್ನು ಟೇಬಲ್‌ಟಾಪ್ ಎಂದು ಕರೆಯುತ್ತಾರೆ. ಕೇರಳದ ಕೋಯಿಕ್ಕೋಡ್, ಮಿಜೋರಾಂನ ಲೆಂಗ್‌ಪುಯಿ ನಿಲ್ದಾಣಗಳೂ ಇದೇ ಬಗೆಯವು.

ಮೊದಲ ರನ್‌ವೇಯ ಉದ್ದ ಸುಮಾರು 1,600 ಮೀಟರ್ ಮಾತ್ರ. ಸಣ್ಣ ವಿಮಾನಗಳ ಕಾಲಕ್ಕೆ ಅದು ಸಾಕಾಗುತ್ತಿತ್ತು. ಕರಾವಳಿಯ ಜನ ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋಗತೊಡಗಿದ ಮೇಲೆ ನೇರ ವಿಮಾನ ಬೇಕೆಂಬ ಬೇಡಿಕೆ ಬಲವಾಯಿತು. ಆಗ ರೂಪುಗೊಂಡದ್ದು ಎರಡನೇ ರನ್‌ವೇ ಯೋಜನೆ. ಅದಕ್ಕೆ ಸ್ಥಳೀಯ ವಿರೋಧವೂ ಇತ್ತು. ಗುಡ್ಡದ ಅಂಚಿನಲ್ಲಿ ಸುರಕ್ಷತೆಗೆ ಬೇಕಾದಷ್ಟು ಜಾಗವಿಲ್ಲ ಎಂದು ವಾದಿಸಿ 1997ರಿಂದ ಮೊದಲ್ಗೊಂಡು ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಹೈಕೋರ್ಟ್ ಮೆಟ್ಟಿಲೇರಿದವು. ವಿವಾದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನ್ಯಾಯಾಲಯಗಳು ಅರ್ಜಿಗಳನ್ನು ತಳ್ಳಿಹಾಕಿದವು, ಕಾಮಗಾರಿ ಮುಂದುವರಿಯಿತು. 2,450 ಮೀಟರ್ ಉದ್ದದ ಹೊಸ ರನ್‌ವೇ 2006ರಲ್ಲಿ ಬಳಕೆಗೆ ಬಂದಿತು. ಅದೇ ವರ್ಷ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಿಂದ ದುಬೈಗೆ ನೇರವಾಗಿ ಹಾರಿತು. ಅದುವರೆಗೆ ಮುಂಬೈ, ಬೆಂಗಳೂರು ಇಲ್ಲವೇ ಕೇರಳದ ನಿಲ್ದಾಣಗಳನ್ನು ಸುತ್ತಿಕೊಂಡು ಹೋಗಬೇಕಿದ್ದ ಕುಟುಂಬಗಳಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

2,450 ಮೀಟರ್ ಸಾಕೇ?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಬೋಯಿಂಗ್ 737, ಏರ್‌ಬಸ್ ಎ320 ಮಾದರಿಯ, ನೂರೈವತ್ತರಿಂದ ನೂರಾ ತೊಂಬತ್ತು ಮಂದಿಯನ್ನು ಹೊತ್ತೊಯ್ಯುವ ವಿಮಾನಗಳಿಗೆ ಅದು ಸಾಕು. ಆದರೆ ಎಲ್ಲ ದಿನ, ಎಲ್ಲ ಭಾರಕ್ಕೂ ಧಾರಾಳವಾಗಿ ಸಾಕು ಎನ್ನುವಂತಿಲ್ಲ.

ಲೆಕ್ಕ ಹೀಗಿದೆ. ಜೆಟ್ ವಿಮಾನವೊಂದು ಹೊರಡುವ ಮುನ್ನವೇ, ಗಮ್ಯಸ್ಥಾನದ ರನ್‌ವೇಯ ಶೇ 60ರಷ್ಟು ಉದ್ದದೊಳಗೆ ಇಳಿದು ನಿಲ್ಲಬಲ್ಲದು ಎಂಬುದನ್ನು ದಾಖಲೆಗಳ ಮೂಲಕ ಖಚಿತಪಡಿಸಿಕೊಳ್ಳಬೇಕು. ಉಳಿದ ಶೇ 40ರಷ್ಟು ಉದ್ದವನ್ನು ವಾಸ್ತವದ ಏರುಪೇರುಗಳಿಗೆಂದು ಮೀಸಲಿಡಲಾಗುತ್ತದೆ. ಮಂಗಳೂರಿನ ಮಟ್ಟಿಗೆ ಈ ಶೇ 60 ಎಂದರೆ 1,470 ಮೀಟರ್. ರನ್‌ವೇ ಒದ್ದೆಯಾಗಿರುವ ಸಂಭವವಿದ್ದರೆ ಅಗತ್ಯ ಉದ್ದಕ್ಕೆ ಇನ್ನೂ ಶೇ 15ನ್ನು ಸೇರಿಸಬೇಕು. ಆಗ ವಿಮಾನವು ಒಣ ನೆಲದಲ್ಲಿ ಸುಮಾರು 1,280 ಮೀಟರ್‌ನೊಳಗೆ ನಿಲ್ಲುವಂತಿರಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಸುರಿಯುವ ದಕ್ಷಿಣ ಕನ್ನಡದಲ್ಲಿ ಒದ್ದೆ ರನ್‌ವೇ ಎಂಬುದು ಅಪವಾದವಲ್ಲ, ವರ್ಷದ ಮೂರನೇ ಒಂದು ಭಾಗದ ದಿನಚರಿ.

ಏರುವಾಗ ಸಮಸ್ಯೆ ಬೇರೆ. ಮಂಗಳೂರಿನಿಂದ ದುಬೈಗೆ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್. ಅಷ್ಟು ದೂರಕ್ಕೆ ಬೇಕಾದ ಇಂಧನ, ತುಂಬಿದ ಆಸನಗಳು, ಕೊಲ್ಲಿಗೆ ಹೋಗುವವರ ಭಾರವಾದ ಪೆಟ್ಟಿಗೆಗಳು, ಸರಕು ಎಲ್ಲವೂ ಸೇರಿದಾಗ ವಿಮಾನಕ್ಕೆ ಹೆಚ್ಚು ಉದ್ದದ ಓಟ ಬೇಕಾಗುತ್ತದೆ. ಬಿಸಿಲ ಹೊತ್ತಿನಲ್ಲಿ ಗಾಳಿ ತೆಳುವಾಗುವುದರಿಂದ ರೆಕ್ಕೆಗೆ ಸಿಗುವ ಎತ್ತುವಿಕೆಯೂ ಎಂಜಿನ್‌ನ ಬಲವೂ ಕುಗ್ಗುತ್ತವೆ. ರನ್‌ವೇ ಉದ್ದ ಸಾಲದಿದ್ದರೆ ಉಳಿಯುವ ದಾರಿ ಒಂದೇ, ಭಾರ ಇಳಿಸುವುದು. ಮೊದಲು ಸರಕು ಕೆಳಗಿಳಿಯುತ್ತದೆ. ಅದೂ ಸಾಲದಿದ್ದರೆ ಕೆಲವು ಆಸನಗಳು ಖಾಲಿ ಉಳಿಯುತ್ತವೆ. ಇನ್ನು ಮುನ್ನೂರು ಮಂದಿಯನ್ನು ಹೊರುವ ಅಗಲ ದೇಹದ ದೊಡ್ಡ ವಿಮಾನಗಳು ದೂರಪ್ರಯಾಣಕ್ಕೆ ಪೂರ್ಣ ಭಾರದೊಂದಿಗೆ ಏರಬೇಕಾದರೆ ಸಾಮಾನ್ಯವಾಗಿ 3,000 ಮೀಟರ್ ಆಸುಪಾಸಿನ ರನ್‌ವೇ ಬೇಕು. ಟರ್ಮಿನಲ್ ಎಷ್ಟೇ ದೊಡ್ಡದಾದರೂ ಈ ಮಿತಿ ಬದಲಾಗುವುದಿಲ್ಲ.

ಎರಡು ದುರಂತಗಳ ಪಾಠ

ಕೆಂಜಾರು ಬದಿಯ ಹೊಸ ಟರ್ಮಿನಲ್ ಉದ್ಘಾಟನೆಯಾದದ್ದು 2010ರ ಮೇ 15ರಂದು. ಅದಾದ ಸರಿಯಾಗಿ ಒಂದು ವಾರಕ್ಕೆ, ಮೇ 22ರ ಮುಂಜಾನೆ ಆರು ಗಂಟೆಯ ಸುಮಾರಿಗೆ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಬದುಕುಳಿದವರು ಎಂಟು ಮಂದಿ.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ದುರಂತಕ್ಕೆ ಮುಖ್ಯ ಕಾರಣ ಪೈಲಟ್‌ನ ನಿರ್ಧಾರ ಎಂದು ಹೇಳಿತು. ವಿಮಾನ ಸರಿಯಾದ ಎತ್ತರದಲ್ಲಿ ಇರಲಿಲ್ಲ. ಸಹಪೈಲಟ್ ಮೂರು ಬಾರಿ ಮತ್ತೆ ಮೇಲೇರುವಂತೆ ಸೂಚಿಸಿದರೂ, ಎಚ್ಚರಿಕೆಯ ಗಂಟೆಗಳು ಮೊಳಗಿದರೂ ಕ್ಯಾಪ್ಟನ್ ಇಳಿಯುವ ಪ್ರಯತ್ನ ಕೈಬಿಡಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರಗಳು ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಉಳಿದದ್ದು 2,800 ಅಡಿಯಷ್ಟು ಮಾತ್ರ.

ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರ ರಾತ್ರಿ, ಕೋಯಿಕ್ಕೋಡ್‌ನಲ್ಲಿ ಇದೇ ಕಥೆ ಮರುಕಳಿಸಿತು. ಮಳೆಯಲ್ಲಿ ಇಳಿದ ವಿಮಾನ 8,858 ಅಡಿಯ ರನ್‌ವೇಯಲ್ಲಿ 4,438 ಅಡಿ ಕಳೆದ ಮೇಲೆ ನೆಲ ಮುಟ್ಟಿ, ಅಂಚು ದಾಟಿ ಕೆಳಗೆ ಬಿದ್ದು ಹೋಳಾಯಿತು. ಅಲ್ಲಿ ಸತ್ತವರು ಇಬ್ಬರು ಪೈಲಟ್‌ಗಳೂ ಸೇರಿದಂತೆ 21 ಮಂದಿ.

ಎರಡೂ ಕಡೆ ತಪ್ಪು ಆರಂಭವಾದದ್ದು ವಿಮಾನದ ಒಳಗೆ. ಆದ್ದರಿಂದ ರನ್‌ವೇಯನ್ನು ದೂರಿ ಪ್ರಯೋಜನವಿಲ್ಲ ಎಂಬ ವಾದ ಆಗಾಗ ಕೇಳಿಬರುತ್ತದೆ. ಆ ವಾದ ಅರ್ಧ ಸತ್ಯ. ಬಯಲಿನ ನಿಲ್ದಾಣದಲ್ಲಿ ರನ್‌ವೇ ದಾಟಿದ ವಿಮಾನ ಕೆಸರಿನಲ್ಲಿ ಹೂತು ನಿಲ್ಲಬಹುದು. ಪ್ರಯಾಣಿಕರು ಜಾರುಹಲಗೆಯಿಂದ ಇಳಿದು ಮನೆಗೆ ಹೋಗಬಹುದು. ಗುಡ್ಡದ ನೆತ್ತಿಯಲ್ಲಿ ಅದೇ ತಪ್ಪಿಗೆ ತೆರಬೇಕಾದ ಬೆಲೆ ಬೇರೆ. ಮನುಷ್ಯರು ತಪ್ಪು ಮಾಡದಂತೆ ತರಬೇತಿ ಕೊಡುವುದು ವಿಮಾನ ಸಂಸ್ಥೆಯ ಕೆಲಸ. ತಪ್ಪಾದಾಗ ಸಾವಿನ ಸಂಖ್ಯೆ ತಗ್ಗುವಂತೆ ನೋಡಿಕೊಳ್ಳುವುದು ನಿಲ್ದಾಣದ ಕೆಲಸ. ಹೂಡಿಕೆಯ ಪ್ರಶ್ನೆ ಬರುವುದು ಈ ಎರಡನೆಯ ಕೆಲಸಕ್ಕೆ ಸಂಬಂಧಿಸಿದಂತೆ.

ಅಂಚಿನಾಚೆಯ ನೆಲ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಮಾನದಂಡದಂತೆ ರನ್‌ವೇಯ ಅಂತ್ಯದಿಂದಾಚೆ ಮೊದಲು 60 ಮೀಟರ್ ಪಟ್ಟಿ ಇರಬೇಕು. ಅದರಾಚೆ ರನ್‌ವೇ ಅಂತ್ಯದ ಸುರಕ್ಷತಾ ವಲಯ. ಈ ವಲಯ ಕನಿಷ್ಠ 90 ಮೀಟರ್ ಇರಲೇಬೇಕು. 240 ಮೀಟರ್ ಇದ್ದರೆ ಉತ್ತಮ ಎಂಬುದು ಶಿಫಾರಸು. ಉಪಕರಣಗಳ ನೆರವಿನಿಂದ ಇಳಿಯುವ ದೊಡ್ಡ ರನ್‌ವೇಗಳಿಗೆ ಮಧ್ಯರೇಖೆಯಿಂದ ಎರಡೂ ಬದಿಗೆ ತಲಾ 140 ಮೀಟರ್ ಅಡೆತಡೆಯಿಲ್ಲದ ಪಟ್ಟಿ ಇರಬೇಕೆಂಬುದು ಇನ್ನೊಂದು ನಿರೀಕ್ಷೆ. ದುರಂತದ ವೇಳೆ ಮಂಗಳೂರಿನಲ್ಲಿದ್ದ ಸುರಕ್ಷತಾ ವಲಯ 90 ಮೀಟರ್. ಕನಿಷ್ಠ ಮಾನದಂಡ ಪೂರೈಸಿತ್ತು, ಶಿಫಾರಸಿನ ಮಟ್ಟ ಮುಟ್ಟಿರಲಿಲ್ಲ.

ಕಾಗದದ ಮೇಲೆ 90 ಮತ್ತು 240ರ ನಡುವಿನ ಅಂತರ ಕೇವಲ 150 ಮೀಟರ್. ಗುಡ್ಡದ ಮೇಲೆ ಅದು ಕಣಿವೆಯ ತಳದಿಂದ ಮಣ್ಣು ತುಂಬಿ ಎಬ್ಬಿಸಬೇಕಾದ ಹೊಸದೊಂದು ಗುಡ್ಡ. ಕೆಳಗಿನಿಂದ ಪದರ ಪದರವಾಗಿ ಮಣ್ಣು ಹಾಕಿ ಒತ್ತಬೇಕು, ತಡೆಗೋಡೆ ಕಟ್ಟಬೇಕು, ಮಳೆಗಾಲದ ನೀರು ಅದರೊಳಗೆ ಇಳಿದು ಕುಸಿಯದಂತೆ ಕಾಲುವೆ ತೋಡಬೇಕು. ಗುಡ್ಡ ಮೊದಲು ಹೀರುತ್ತಿದ್ದ ನೀರು ಕಾಂಕ್ರೀಟಿನ ಮೇಲೆ ಹರಿದು ಬುಡದ ಮನೆ, ತೋಟಗಳತ್ತ ನುಗ್ಗದಂತೆಯೂ ನೋಡಿಕೊಳ್ಳಬೇಕು. ತುಂಬಿದ ಮಣ್ಣು ಗಟ್ಟಿಯಾಗಿ ಕೂರಲು ಒಂದೆರಡು ಮಳೆಗಾಲಗಳೇ ಬೇಕಾಗಬಹುದು.

ಇನ್ನೊಂದು ದಾರಿಯೂ ಇದೆ. ರನ್‌ವೇಯ ತುದಿಯಲ್ಲಿ ಪುಡಿಯಾಗುವ ಹಗುರ ಕಾಂಕ್ರೀಟಿನ ಹಾಸು ಹಾಕುವುದು. ವಿಮಾನದ ಚಕ್ರಗಳು ಅದರಲ್ಲಿ ಹೂತು, ವೇಗ ಅಲ್ಲಿಯೇ ಕರಗುತ್ತದೆ. ಅಮೆರಿಕದ ಹಲವು ನಿಲ್ದಾಣಗಳಲ್ಲಿ ಇದು ಜೀವ ಉಳಿಸಿದ ಉದಾಹರಣೆಗಳಿವೆ. 2010ರ ತನಿಖಾ ನ್ಯಾಯಾಲಯವೂ ಟೇಬಲ್‌ಟಾಪ್ ರನ್‌ವೇಗಳಿಗೆ ಇಂತಹ ವ್ಯವಸ್ಥೆಯನ್ನು ಪರಿಗಣಿಸುವಂತೆ ಶಿಫಾರಸು ಮಾಡಿತ್ತು. ಜಾಗ ಕಡಿಮೆ ಇರುವಲ್ಲಿ ಇದು ಉಪಯುಕ್ತ. ಆದರೆ ದುಬಾರಿ; ಒಮ್ಮೆ ವಿಮಾನ ಹೂತರೆ ಆ ಭಾಗವನ್ನು ಮತ್ತೆ ಕಟ್ಟಬೇಕು.

ಮೂರನೆಯದು, ಇರುವ ರನ್‌ವೇಯ ಉದ್ದವನ್ನೇ ಘೋಷಣೆಯಲ್ಲಿ ಕಡಿತಗೊಳಿಸಿ ಆ ಭಾಗವನ್ನು ಸುರಕ್ಷತಾ ವಲಯವೆಂದು ಪರಿಗಣಿಸುವುದು. ಇದಕ್ಕೆ ಹಣ ಹೆಚ್ಚು ಬೇಡ. ಆದರೆ ರನ್‌ವೇ ಗಿಡ್ಡವಾದಷ್ಟೂ ವಿಮಾನ ಹೊರುವ ಭಾರ ತಗ್ಗುತ್ತದೆ. ಕೋಯಿಕ್ಕೋಡ್‌ನಲ್ಲಿ 2022ರಲ್ಲಿ ಇಂತಹ ಕಡಿತದ ಪ್ರಸ್ತಾವ ಬಂದಾಗ ಅಲ್ಲಿನ ಪ್ರಯಾಣಿಕರೂ ಜನಪ್ರತಿನಿಧಿಗಳೂ ವಿರೋಧಿಸಿದರು. ಕೊನೆಗೆ ಕೇರಳ ಸರ್ಕಾರ ಭೂಸ್ವಾಧೀನಕ್ಕೆ ಮುಂದಾದ ಮೇಲೆ ಪ್ರಸ್ತಾವವನ್ನು ಕೈಬಿಡಲಾಯಿತು.

ಖಾಸಗಿ ನಿರ್ವಹಣೆಗೆ ಬಂದ ಬಗೆ

ಇಷ್ಟೆಲ್ಲ ಕೆಲಸಕ್ಕೆ ಹಣ ಯಾರದು? 2020ರವರೆಗೆ ಮಂಗಳೂರು ನಿಲ್ದಾಣವನ್ನು ನಡೆಸುತ್ತಿದ್ದುದು ಕೇಂದ್ರ ಸರ್ಕಾರದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. 2018ರಲ್ಲಿ ಕೇಂದ್ರವು ಮಂಗಳೂರು, ಅಹಮದಾಬಾದ್, ಲಖನೌ, ಜೈಪುರ, ಗುವಾಹಟಿ, ತಿರುವನಂತಪುರ ಈ ಆರು ನಿಲ್ದಾಣಗಳನ್ನು ಸಾರ್ವಜನಿಕ-ಖಾಸಗಿ ಸಹಭಾಗಿತ್ವದಲ್ಲಿ ನಡೆಸಲು ನಿರ್ಧರಿಸಿತು. 2019ರ ಫೆಬ್ರುವರಿಯಲ್ಲಿ ಬಿಡ್‌ಗಳನ್ನು ತೆರೆದಾಗ ಆರನ್ನೂ ಅದಾನಿ ಸಮೂಹವೇ ಗೆದ್ದಿತು.

ಬಿಡ್‌ನ ಅಳತೆಗೋಲು ಸರಳವಾಗಿತ್ತು: ಪ್ರತಿ ಪ್ರಯಾಣಿಕನಿಗೆ ಇಷ್ಟು ರೂಪಾಯಿ ಎಂದು ಪ್ರಾಧಿಕಾರಕ್ಕೆ ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ನಿಲ್ದಾಣ. ಅಹಮದಾಬಾದ್‌ಗೆ ಅದಾನಿ ಸಮೂಹ ಕೊಡಲೊಪ್ಪಿದ್ದು 177 ರೂ., ತಿರುವನಂತಪುರಕ್ಕೆ 168 ರೂ. ಮಂಗಳೂರಿಗೆ 115 ರೂ. ಆರರಲ್ಲಿ ಅದೇ ಕನಿಷ್ಠ. ಮಂಗಳೂರಿಗೆ ಸ್ಪರ್ಧಿಸಿದ್ದ ಕೊಚ್ಚಿ ವಿಮಾನ ನಿಲ್ದಾಣ ಕಂಪನಿ ನಮೂದಿಸಿದ್ದು 45 ರೂ. 2020ರ ಅಕ್ಟೋಬರ್ 31ರಂದು ನಿಲ್ದಾಣ ಅದಾನಿ ಸಮೂಹಕ್ಕೆ ಹಸ್ತಾಂತರವಾಯಿತು. ಒಪ್ಪಂದದ ಅವಧಿ 50 ವರ್ಷ.

ಹಸ್ತಾಂತರವಾದದ್ದು ಮಾಲೀಕತ್ವವಲ್ಲ, ನಿರ್ವಹಣೆ ಎಂಬುದನ್ನು ಗಮನಿಸಬೇಕು. ಭೂಮಿ ಪ್ರಾಧಿಕಾರದ್ದೇ. ವಿಮಾನ ಸಂಚಾರ ನಿಯಂತ್ರಣವೂ ಪ್ರಾಧಿಕಾರದ ಕೈಯಲ್ಲೇ ಇದೆ. ಭದ್ರತೆ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯದ್ದು. ಟರ್ಮಿನಲ್, ರನ್‌ವೇ, ನಿಲುಗಡೆ ತಾಣ, ಮಳಿಗೆಗಳ ನಿರ್ವಹಣೆ ಮತ್ತು ವಿಸ್ತರಣೆ ಖಾಸಗಿ ನಿರ್ವಾಹಕನ ಹೊಣೆ.

ಈ ಅವಧಿಯಲ್ಲಿ ಆಗಿರುವ ದೊಡ್ಡ ತಾಂತ್ರಿಕ ಕೆಲಸವೆಂದರೆ ರನ್‌ವೇಯ ಮರುಹಾಸು. 2006ರ ರನ್‌ವೇ ಕಾಂಕ್ರೀಟಿನದು. 2023ರ ಆರಂಭದಲ್ಲಿ ಹಗಲು ಹೊತ್ತು ವಿಮಾನ ಸಂಚಾರ ನಿಲ್ಲಿಸಿ ಅದರ ಮೇಲೆ ಡಾಂಬರಿನ ಪದರ ಹಾಸಲಾಯಿತು. ಸಂಜೆಯಿಂದ ಬೆಳಗಿನವರೆಗೆ ಅದೇ ಪಟ್ಟಿಯ ಮೇಲೆ ವಿಮಾನಗಳು ಇಳಿದು ಏರುತ್ತಿದ್ದವು. ಇದು ಸುರಕ್ಷತೆಗೆ ಸಂದ ಹೂಡಿಕೆಯೇ ಸರಿ. ಆದರೆ ಇದರಿಂದ ಮೇಲ್ಮೈ ಸುಧಾರಿಸಿತೇ ಹೊರತು ಉದ್ದ ಹೆಚ್ಚಲಿಲ್ಲ.

ಹೂಡಿದ ಹಣ ಮರಳುವ ಬಗೆ

ಖಾಸಗಿ ಕಂಪನಿ ಹಣ ಹೂಡುತ್ತದೆ ಎಂದಾಗ ಅದು ಕಂಪನಿಯ ಕಿಸೆಯಿಂದ ಹೋಗುವ ಹಣವೆಂದು ಭಾವಿಸುವವರುಂಟು. ಆರಂಭದಲ್ಲಿ ಹೌದು. ಕೊನೆಯಲ್ಲಿ ಅದನ್ನು ಭರಿಸುವವರು ಪ್ರಯಾಣಿಕರು.

ದೇಶದ ಪ್ರಮುಖ ವಿಮಾನ ನಿಲ್ದಾಣಗಳ ಶುಲ್ಕವನ್ನು ನಿಗದಿಪಡಿಸುವುದು 2008ರ ಕಾಯ್ದೆಯಡಿ ರಚನೆಯಾದ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ. ಐದೈದು ವರ್ಷಗಳ ಅವಧಿಗೆ ಅದು ಲೆಕ್ಕ ಹಾಕುತ್ತದೆ. ನಿಲ್ದಾಣದ ಆಸ್ತಿಯ ಮೌಲ್ಯದ ಮೇಲೆ ನ್ಯಾಯಯುತ ಪ್ರತಿಫಲ, ಆ ಆಸ್ತಿಯ ವಾರ್ಷಿಕ ಸವಕಳಿ, ನಿರ್ವಹಣಾ ವೆಚ್ಚ, ತೆರಿಗೆ ಇವನ್ನೆಲ್ಲ ಕೂಡಿಸಲಾಗುತ್ತದೆ. ಮಳಿಗೆ, ಜಾಹೀರಾತು, ವಾಹನ ನಿಲುಗಡೆ ಮುಂತಾದ ವಾಣಿಜ್ಯ ಆದಾಯದ ಶೇ 30ನ್ನು ಅದರಿಂದ ಕಳೆಯಲಾಗುತ್ತದೆ. ಉಳಿದ ಮೊತ್ತವನ್ನು ವಿಮಾನ ಸಂಸ್ಥೆಗಳ ಇಳಿಯುವ ಶುಲ್ಕ, ನಿಲುಗಡೆ ಶುಲ್ಕ ಹಾಗೂ ಪ್ರಯಾಣಿಕರ ಬಳಕೆದಾರರ ಅಭಿವೃದ್ಧಿ ಶುಲ್ಕದ ಮೂಲಕ ವಸೂಲು ಮಾಡಲು ಅನುಮತಿ ದೊರೆಯುತ್ತದೆ. ಟಿಕೆಟ್‌ನಲ್ಲಿ ಯುಡಿಎಫ್ ಎಂದು ನಮೂದಾಗಿರುವ ಮೊತ್ತ ಇದೇ. 2021–26ರ ಅವಧಿಗೆ ಮಂಗಳೂರಿನ ಶುಲ್ಕವೂ ಹೀಗೆಯೇ ನಿಗದಿಯಾಯಿತು.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ನಿಲ್ದಾಣವೊಂದು 300 ಕೋಟಿ ರೂ. ವೆಚ್ಚದಲ್ಲಿ ಕಟ್ಟಡ ಕಟ್ಟಿತೆನ್ನೋಣ. ಅದರ ಬಾಳಿಕೆ 30 ವರ್ಷ. ಒಪ್ಪಿತ ಪ್ರತಿಫಲ ಶೇ 12. ಮೊದಲ ವರ್ಷ ಪ್ರತಿಫಲ 36 ಕೋಟಿ, ಸವಕಳಿ 10 ಕೋಟಿ, ಒಟ್ಟು 46 ಕೋಟಿ ರೂ. ವರ್ಷಕ್ಕೆ 23 ಲಕ್ಷ ಪ್ರಯಾಣಿಕರಿದ್ದರೆ ತಲೆಗೆ 200 ರೂ. ಹೊರಡುವವರಿಂದ ಮಾತ್ರ ವಸೂಲು ಮಾಡುವುದಾದರೆ ಸುಮಾರು 400 ರೂ. ಅದೇ ಕಟ್ಟಡ 46 ಲಕ್ಷ ಪ್ರಯಾಣಿಕರ ನಿಲ್ದಾಣದಲ್ಲಿದ್ದರೆ ಹೊರೆ ಅರ್ಧಕ್ಕಿಳಿಯುತ್ತದೆ. ಮಂಗಳೂರಿನಂತೆ ವರ್ಷಕ್ಕೆ 20 ಲಕ್ಷದ ಆಸುಪಾಸಿನ ಪ್ರಯಾಣಿಕರಿರುವ ನಿಲ್ದಾಣದಲ್ಲಿ ಪ್ರತಿಯೊಂದು ಕೋಟಿಯೂ ಟಿಕೆಟ್ ಮೇಲೆ ಭಾರವಾಗಿ ಕೂರುವುದು ಇದೇ ಕಾರಣಕ್ಕೆ. ಅಂದಾಜಿಗಿಂತ ಕಡಿಮೆ ಪ್ರಯಾಣಿಕರು ಬಂದರೆ ಕೊರತೆಯನ್ನು ಮುಂದಿನ ಅವಧಿಯ ಲೆಕ್ಕಕ್ಕೆ ಸೇರಿಸಲಾಗುತ್ತದೆ.

ನಿರ್ವಾಹಕನು ಪ್ರಾಧಿಕಾರಕ್ಕೆ ಕೊಡಬೇಕಾದ ತಲೆಗಿಷ್ಟು ಎಂಬ ಬಿಡ್ ಮೊತ್ತವನ್ನು ಮಾತ್ರ ಈ ಲೆಕ್ಕದಲ್ಲಿ ವೆಚ್ಚವಾಗಿ ತೋರಿಸುವಂತಿಲ್ಲ. ಅದನ್ನು ಅವನು ತನ್ನ ಇತರ ಗಳಿಕೆಯಿಂದಲೇ ಹೊಂದಿಸಿಕೊಳ್ಳಬೇಕು. ಇಲ್ಲಿಂದಲೇ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ.

ಟರ್ಮಿನಲ್‌ನತ್ತ ಒಲವು ಏಕೆ?

ರನ್‌ವೇಗೆ ಹಾಕಿದ ಹಣಕ್ಕೂ ಟರ್ಮಿನಲ್‌ಗೆ ಹಾಕಿದ ಹಣಕ್ಕೂ ನಿಯಂತ್ರಕರ ಲೆಕ್ಕದಲ್ಲಿ ಒಂದೇ ಬಗೆಯ ಪ್ರತಿಫಲ. ವ್ಯತ್ಯಾಸವಿರುವುದು ಅದರಾಚೆ. ಟರ್ಮಿನಲ್ ದೊಡ್ಡದಾದರೆ ಕಾಫಿ ಅಂಗಡಿ, ಸುಂಕರಹಿತ ಮಳಿಗೆ, ಜಾಹೀರಾತು ಫಲಕಗಳಿಗೆ ಜಾಗ ಸಿಗುತ್ತದೆ. ಆ ಆದಾಯದ ಶೇ 30 ಮಾತ್ರ ಪ್ರಯಾಣಿಕರ ಶುಲ್ಕ ತಗ್ಗಿಸಲು ಬಳಕೆಯಾಗುತ್ತದೆ, ಶೇ 70 ನಿರ್ವಾಹಕನ ಲೆಕ್ಕಕ್ಕೆ ಸೇರುತ್ತದೆ. ರನ್‌ವೇ ಅಂಚಿನ ಸುರಕ್ಷತಾ ವಲಯದಲ್ಲಿ ಅಂಗಡಿ ಇಡಲಾಗದು. ಅದು ಬಳಕೆಯಾಗದೆ ಉಳಿದಷ್ಟೂ ಒಳ್ಳೆಯದು.

ಇದು ಯಾವುದೋ ಒಂದು ಕಂಪನಿಯ ದುರಾಸೆಯ ಮಾತಲ್ಲ. ಯಾರೇ ನಡೆಸಲಿ, ವ್ಯವಸ್ಥೆಯೇ ಹಣವನ್ನು ಟರ್ಮಿನಲ್‌ನತ್ತ ಮೆಲ್ಲಗೆ ನೂಕುತ್ತದೆ. ಟರ್ಮಿನಲ್ ಕಾಮಗಾರಿ ಬೇಗ ಮುಗಿಯುತ್ತದೆ, ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಗೆ ಒದಗುತ್ತದೆ. ಸರ್ಕಾರಿ ಪ್ರಾಧಿಕಾರದ ಕಾಲದಲ್ಲೂ 2010ರಲ್ಲಿ ಮೊದಲು ಸಿದ್ಧವಾದದ್ದು ಟರ್ಮಿನಲ್ಲೇ. ದಟ್ಟಣೆ ಹೆಚ್ಚಿದಾಗ ಟರ್ಮಿನಲ್ ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದಷ್ಟನ್ನೇ ವಿಸ್ತರಣೆ ಎಂದು ಕರೆದರೆ ಅರ್ಧ ಸಂಗತಿ ಮರೆಯಾಗುತ್ತದೆ.

ಭೂಮಿ ಯಾರ ಹೊಣೆ?

ರನ್‌ವೇ ವಿಸ್ತರಣೆಗೆ ಮೊದಲು ಬೇಕಾದದ್ದು ಭೂಮಿ. ದೇಶದಲ್ಲಿ ರೂಢಿಯಲ್ಲಿರುವ ಪದ್ಧತಿಯಂತೆ ಅದನ್ನು ಸ್ವಾಧೀನಪಡಿಸಿಕೊಂಡು ಒದಗಿಸಬೇಕಾದದ್ದು ರಾಜ್ಯ ಸರ್ಕಾರ. ಮಂಗಳೂರಿನಲ್ಲಿ ರನ್‌ವೇ ಉದ್ದಗೊಳಿಸುವ ಮಾತು ವರ್ಷಗಳಿಂದ ನಡೆದಿದೆ. ಬೇಕಾದ ಭೂಮಿ ನಕ್ಷೆಯ ಮೇಲೆ ಸಣ್ಣದು. ಆದರೆ ಅಲ್ಲಿ ಮನೆ, ಅಡಕೆ ತೋಟ, ದಾರಿಗಳಿವೆ. 2013ರ ಭೂಸ್ವಾಧೀನ ಕಾಯ್ದೆಯಂತೆ ಮಾರುಕಟ್ಟೆ ಮೌಲ್ಯಕ್ಕಿಂತ ಹೆಚ್ಚಿನ ಪರಿಹಾರವನ್ನೂ ಪುನರ್ವಸತಿಯನ್ನೂ ಕೊಡಬೇಕು. ಎರಡನೇ ರನ್‌ವೇಗೆ ಭೂಮಿ ಬಿಟ್ಟವರ ನೆರೆಹೊರೆಯವರೇ ಇಂದು ಮತ್ತೆ ಭೂಮಿ ಬಿಡಬೇಕಾದವರು. ಅವರ ಅಳುಕನ್ನು ಅಭಿವೃದ್ಧಿ ವಿರೋಧವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹೀಗೆ ಮೂವರ ನಡುವೆ ಕೆಲಸ ಹಂಚಿಹೋಗಿದೆ: ಭೂಮಿ ರಾಜ್ಯದ್ದು, ಕಾಮಗಾರಿ ನಿರ್ವಾಹಕನದು, ಅನುಮತಿ ಹಾಗೂ ಮೇಲ್ವಿಚಾರಣೆ ಕೇಂದ್ರದ್ದು. ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಲು ಇಷ್ಟು ಅವಕಾಶವಿರುವ ಕಾಮಗಾರಿ ಇನ್ನೊಂದಿಲ್ಲ.

ಬೇಲಿಯಾಚೆಯ ಹೂಡಿಕೆಯೂ ಅಷ್ಟೇ ಮುಖ್ಯ. 2021ರ ಜೂನ್‌ನಲ್ಲಿ ಮಂಗಳೂರು ನಗರದಿಂದ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಫಲ್ಗುಣಿ ನದಿಯ ಮರವೂರು ಸೇತುವೆ ಕುಸಿದು ಸಂಚಾರ ಸ್ಥಗಿತವಾಯಿತು. ವಿಮಾನ ಹಿಡಿಯಬೇಕಾದವರು ಬಳಸುದಾರಿ ಹಿಡಿಯಬೇಕಾಯಿತು. ಒಂದು ಸೇತುವೆಯ ಕಂಬ ಜಗ್ಗಿದರೆ ಕೋಟ್ಯಂತರ ರೂಪಾಯಿಯ ಟರ್ಮಿನಲ್ ಕೈಗೆಟುಕದಂತಾಗುತ್ತದೆ ಎಂಬುದಕ್ಕೆ ಅದೇ ನಿದರ್ಶನ.

ರನ್‌ವೇ ಇದ್ದಲ್ಲಿ, ಪ್ರಯಾಣಿಕರಿದ್ದಲ್ಲಿ

ರಾಜ್ಯದ ಒಟ್ಟು ಚಿತ್ರ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ನಿಲ್ದಾಣಕ್ಕೆ 3,200 ಮೀಟರ್ ಉದ್ದದ ರನ್‌ವೇ ಇದೆ. ಅಲ್ಲಿಗೆ ಬರುವ ವಿಮಾನಗಳು ಬೆರಳೆಣಿಕೆಯವು. ಹುಬ್ಬಳ್ಳಿಯ ರನ್‌ವೇ 2,600 ಮೀಟರ್. ಬೆಂಗಳೂರನ್ನು ಬಿಟ್ಟರೆ ರಾಜ್ಯದಲ್ಲಿ ಹೆಚ್ಚು ಪ್ರಯಾಣಿಕರಿರುವ, ಕೊಲ್ಲಿಗೆ ನಿಯಮಿತವಾಗಿ ವಿಮಾನ ಕಳುಹಿಸುವ ಮಂಗಳೂರಿನದು 2,450. ನೆಲ ಸಮತಟ್ಟಾಗಿರುವಲ್ಲಿ ರನ್‌ವೇ ಕಟ್ಟುವುದು ಸುಲಭ. ಪ್ರಯಾಣಿಕರಿರುವಲ್ಲಿ ನೆಲ ಸಮತಟ್ಟಾಗಿರಲೇಬೇಕೆಂದಿಲ್ಲ.

ಸ್ಪರ್ಧೆ ರಾಜ್ಯದ ಗಡಿಯಾಚೆಯೂ ಇದೆ. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ನಿಲ್ದಾಣದ ರನ್‌ವೇ 3,050 ಮೀಟರ್. ಕಾಸರಗೋಡು, ಕೊಡಗಿನ ಪ್ರಯಾಣಿಕರಿಗೆ ಈಗ ಎರಡು ಆಯ್ಕೆಗಳಿವೆ. ಶುಲ್ಕ ಏರಿದಂತೆಲ್ಲ, ನೇರ ವಿಮಾನಗಳು ಕಡಿಮೆಯಾದಂತೆಲ್ಲ ಪ್ರಯಾಣಿಕರು ಅತ್ತ ವಾಲಬಹುದು. ಪ್ರಯಾಣಿಕರು ಕಡಿಮೆಯಾದರೆ ಉಳಿದವರ ತಲೆಯ ಮೇಲಿನ ಹೊರೆ ಹೆಚ್ಚುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಶುಲ್ಕ ನಿಗದಿಪಡಿಸುವ ಮುನ್ನ ಆರ್ಥಿಕ ನಿಯಂತ್ರಣ ಪ್ರಾಧಿಕಾರ ಸಮಾಲೋಚನಾ ಪತ್ರವನ್ನು ಪ್ರಕಟಿಸುತ್ತದೆ. ಯಾವ ಕಾಮಗಾರಿಗೆ ಎಷ್ಟು, ಯಾವ ವರ್ಷ, ಏಕೆ ಎಂಬ ವಿವರ ಅದರಲ್ಲಿರುತ್ತದೆ. ಯಾರು ಬೇಕಾದರೂ ಲಿಖಿತವಾಗಿ ಅಭಿಪ್ರಾಯ ತಿಳಿಸಬಹುದು. ವಿಮಾನ ಸಂಸ್ಥೆಗಳ ಒಕ್ಕೂಟಗಳೂ ಇತರ ನಿರ್ವಾಹಕರೂ ಈ ಅವಕಾಶವನ್ನು ತಪ್ಪದೆ ಬಳಸಿಕೊಳ್ಳುತ್ತಾರೆ. ಶುಲ್ಕ ಕಟ್ಟುವ ಪ್ರಯಾಣಿಕರ ದನಿ ಅಲ್ಲಿ ಕೇಳಿಸುವುದು ಅಪರೂಪ.

ಕೇಳಬೇಕಾದದ್ದು ಬಹಳವಿಲ್ಲ. ಮುಂದಿನ ಐದು ವರ್ಷಗಳ ಹೂಡಿಕೆಯಲ್ಲಿ ರನ್‌ವೇ ಮತ್ತು ಅದರ ಅಂಚಿನ ಸುರಕ್ಷತೆಗೆ ಎಷ್ಟು ಪಾಲು? ಸುರಕ್ಷತಾ ವಲಯವನ್ನು 240 ಮೀಟರ್‌ಗೆ ಹಿಗ್ಗಿಸುವ ಇಲ್ಲವೇ ಪುಡಿಯಾಗುವ ಹಾಸು ಹಾಕುವ ಯೋಜನೆಗೆ ದಿನಾಂಕವೇನು? ಅದಕ್ಕೆ ಬೇಕಾದ ಭೂಮಿ ಯಾವ ಹಂತದಲ್ಲಿದೆ, ಯಾರ ಮೇಜಿನ ಮೇಲಿದೆ? ಗುಡ್ಡದ ಬುಡದ ಮನೆಗಳಿಗೆ ಮಳೆನೀರಿನಿಂದ ರಕ್ಷಣೆ ಕೊಡುವ ವೆಚ್ಚವನ್ನು ಲೆಕ್ಕಕ್ಕೆ ಸೇರಿಸಲಾಗಿದೆಯೇ?

ಪ್ರಯಾಣಿಕನು ಟಿಕೆಟ್‌ನೊಂದಿಗೆ ಕಟ್ಟುವ ಶುಲ್ಕಕ್ಕೆ ಪ್ರತಿಯಾಗಿ ಆರಾಮದ ಕುರ್ಚಿ, ಶುಚಿಯಾದ ಶೌಚಾಲಯ, ಬೇಗ ಸಾಗುವ ಸಾಲು ನಿರೀಕ್ಷಿಸುವುದು ಸಹಜ. ಅವು ಸಿಗಲೂಬೇಕು. ಆದರೆ 2010ರ ಮೇ ತಿಂಗಳಲ್ಲಿ ಹೊಸ ಟರ್ಮಿನಲ್‌ನ ಉದ್ಘಾಟನೆಗೂ ಕಣಿವೆಯ ಹೊಗೆಗೂ ನಡುವೆ ಇದ್ದದ್ದು ಏಳೇ ದಿನ. ಬಜ್ಪೆಯಲ್ಲಿ ವಿಸ್ತರಣೆಯ ಲೆಕ್ಕವನ್ನು ಟರ್ಮಿನಲ್‌ನ ಚದರ ಮೀಟರ್‌ಗಳಲ್ಲಿ ಅಳೆಯುವ ಮುನ್ನ, ರನ್‌ವೇಯ ಅಂಚಿನಿಂದ ಇಳಿಜಾರಿನವರೆಗಿನ ಮೀಟರ್‌ಗಳಲ್ಲಿ ಅಳೆಯಬೇಕಾಗಿದೆ.